ಶಿಕ್ಷೆಗೆ ಮುನ್ನ ವಿಚಾರಣೆ

ಶಿಕ್ಷಣ, ಶಿಕ್ಷೆ ಎಂಬ ಎರಡು ಶಬ್ದಗಳೂ ಒಂದೇ ಸಂಸ್ಕೃತ ಧಾತುವಿನಿಂದ ಹುಟ್ಟಿದವು. ಕಲಿಕೆಯೇ ಅದರ ಮೂಲಾರ್ಥ. ಕಾಲಾಂತರದಲ್ಲಿ ಒಂದು ಪುಸ್ತಕದ ಕಡೆಗೂ ಮತ್ತೊಂದು ಬೆತ್ತದ ಕಡೆಗೂ ಸರಿದವು. ಏನನ್ನೂ ಕಲಿಸದ ಶಿಕ್ಷೆಯು ಆ ಹೆಸರಿಗೆ ಅರ್ಹವೇ ಎಂಬುದನ್ನು ವಾಚಕರು ವಿಚಾರಿಸಬೇಕು.

ಒಂದು ತರಗತಿಯನ್ನು ಊಹಿಸಿಕೊಳ್ಳಿರಿ. ಇಬ್ಬರು ಬಾಲಕರು ಪಾಠವನ್ನು ಬರೆದು ತಂದಿಲ್ಲ. ಒಬ್ಬನು ಆಟದ ಗುಂಗಿನಲ್ಲಿ ಅಲಕ್ಷಿಸಿದವನು. ಇನ್ನೊಬ್ಬನು ಅಕ್ಷರಗಳನ್ನು ಕಂಡರೂ ಅವನ್ನು ಕೂಡಿಸಿ ಓದಲಾರದ, ಕಲಿಕೆಯ ನ್ಯೂನತೆಯುಳ್ಳವನು. ಉಪಾಧ್ಯಾಯರು ಇಬ್ಬರನ್ನೂ ಹೊರಗೆ ನಿಲ್ಲಿಸಿ 'ನನಗೆ ಎಲ್ಲರೂ ಸಮಾನರು' ಎಂದರೆ ಅದು ಸಮಾನತೆಯೆನಿಸೀತೆ? ಮೊದಲನೆಯವನು ನಾಳೆ ಬರೆದು ತಂದಾನು; ಎರಡನೆಯವನು ನಾಳೆಯೂ ಹೊರಗೇ ನಿಲ್ಲುವನು. ಒಲ್ಲದವನಿಗೂ ಆಗದವನಿಗೂ ಒಂದೇ ದಂಡವನ್ನು ವಿಧಿಸುವುದು ನ್ಯಾಯದ ವೇಷ ತೊಟ್ಟ ಅನ್ಯಾಯ.

ನಮ್ಮ ದೇಶದ ಶಾಸನವು ಇದನ್ನು ಕೆಲಮಟ್ಟಿಗೆ ಅರಿತಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕಕೂಡದೆಂದಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಕಲಿಕೆಯ ನ್ಯೂನತೆಯೂ ಆಟಿಸಂ ಕೂಡ ಅವುಗಳಲ್ಲಿ ಸೇರಿವೆ. ಕಲಿಕೆಯ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮವನ್ನು ಅನುಸರಿಸುವುದು ಶಾಲೆಯ ಕರ್ತವ್ಯವೆಂದು ಅದು ವಿಧಿಸಿದೆ.

'ಹಾಗಾದರೆ ಉಳಿದ ಮಕ್ಕಳ ಗತಿಯೇನು? ಗದ್ದಲ ಮಾಡುವ, ಹೊಡೆಯುವ ಮಗುವನ್ನು ಸಹಿಸುವುದೆಂತು?' ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಅಮೆರಿಕದ ಕಾನೂನು ಕಂಡುಕೊಂಡ ಮಾರ್ಗವು ಮನನೀಯವಾಗಿದೆ. ಅಲ್ಲಿ ವಿಶೇಷ ಶಿಕ್ಷಣದ ಹಕ್ಕುಳ್ಳ ಮಗುವನ್ನು ತಪ್ಪಿಗಾಗಿ ಸತತ 10 ಶಾಲಾದಿನಗಳಿಗಿಂತ ಹೆಚ್ಚು ಕಾಲ ಹೊರಗಿಡಲು ನಿಶ್ಚಯಿಸಿದರೆ, ಪಾಲಕರೂ ಶಾಲೆಯವರೂ ಒಟ್ಟಿಗೆ ಕುಳಿತು, ಆ ವರ್ತನೆಯು ನ್ಯೂನತೆಯಿಂದಲೇ ಹುಟ್ಟಿತೇ ಎಂದು ವಿಚಾರಿಸಬೇಕು. ಹೌದೆಂದಾದರೆ ಸಾಮಾನ್ಯವಾಗಿ ಮಗು ತನ್ನ ತರಗತಿಗೆ ಮರಳುತ್ತದೆ. ಆಯುಧ ತಂದ, ಘೋರವಾಗಿ ಗಾಯಗೊಳಿಸಿದಂತಹ ಪ್ರಸಂಗಗಳಲ್ಲಿ ಮಾತ್ರ 45 ಶಾಲಾದಿನಗಳವರೆಗೆ ಬೇರೆಡೆ ಇರಿಸಬಹುದು. ಆಗಲೂ ಪಾಠ ನಿಲ್ಲಕೂಡದು. ಇತರರ ರಕ್ಷಣೆಯೂ ಉಳಿಯಿತು, ಮಗುವಿನ ಹಕ್ಕೂ ಉಳಿಯಿತು.

ನಮ್ಮಲ್ಲಿ ಹೊರಹಾಕುವುದು ನಿಷಿದ್ಧವಾದರೂ, 'ಬೇರೆ ಶಾಲೆ ನೋಡಿಕೊಳ್ಳಿರಿ' ಎಂಬ ಮೆತ್ತನೆಯ ಮಾತಿಗೆ ನಿಷೇಧವೆಲ್ಲಿ? ತಂದೆ ತಲೆತಗ್ಗಿಸಿ ವರ್ಗಾವಣೆ ಪತ್ರವನ್ನು ತಾನೇ ಬೇಡಿ ಒಯ್ಯುತ್ತಾನೆ. ಕಾನೂನು ಮುರಿಯಲಿಲ್ಲ, ಮಗುವಿನ ಬಾಳು ಮುರಿಯಿತು. ಇಲ್ಲಿ ಕಾನೂನಿನ ಕೈ ನಿಲುಕದು; ಧರ್ಮದ ಕಣ್ಣೇ ತೆರೆಯಬೇಕು.

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವು ನಮ್ಮ ಮಠಗಳ ಕೀರ್ತಿ. ಪಂಕ್ತಿಯಲ್ಲಿ ಕುಳಿತವನಿಗೆ ಹಸಿವೆಯಷ್ಟು ನೀಡುವುದು ದಾಸೋಹದ ರೀತಿ. ಎಲ್ಲರಿಗೂ ಒಂದೇ ತುತ್ತೆಂದು ಅಳೆದು ನೀಡುವುದಲ್ಲ. ಅಂಗೈ ಬಲಿಷ್ಠವೋ ದುರ್ಬಲವೋ ಎಂದು ನೋಡಿ ಇಷ್ಟಲಿಂಗವನ್ನು ಕರುಣಿಸಿದವರುಂಟೆ? ಅಕ್ಷರ ದಾಸೋಹಕ್ಕೂ ಇದೇ ನಿಯಮ ಸಲ್ಲಬೇಕು. ಶಿಸ್ತು ಬೇಕು, ನಿಶ್ಚಯವಾಗಿ ಬೇಕು. ಆದರೆ ದಂಡಿಸುವ ಕೈ ಏಳುವ ಮುನ್ನ, 'ಈ ಮಗು ಒಲ್ಲದೋ, ಆಗದೋ?' ಎಂಬ ಒಂದು ಪ್ರಶ್ನೆ ಏಳಲಿ. ಆ ಪ್ರಶ್ನೆಯನ್ನು ಕೇಳಲು ಬಿಡುವಿಲ್ಲದ ಶಾಲೆಗೆ ಶಿಕ್ಷಿಸುವ ಅಧಿಕಾರವೂ ಇಲ್ಲ.