ಹಂಗು ಯಾರದು?

ಹಿತ್ತಲಿನ ಅವರೆ ಬಳ್ಳಿಗೆ ಹೇನು ಹತ್ತಿತ್ತು. ಬೇವಿನೆಣ್ಣೆ ಸಿಂಪಡಿಸುತ್ತಿದ್ದೆ. ಕಾಲೇಜಿಗೆ ಹೋಗುವ ಮಗಳು ಬಂದು, "ಅಮ್ಮಾ, ಇದರ ಮೈಯೊಳಗೆ ಬುಕ್ನೆರಾ ಅನ್ನೋ ಬ್ಯಾಕ್ಟೀರಿಯಾ ಸಂಸಾರ ಹೂಡಿದೆ" ಎಂದಳು.

ಹೇನು ಹೀರುವ ರಸದಲ್ಲಿ ಸಿಹಿ ಹೇರಳ, ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲಗಳು ಕಡಿಮೆ. ಅವನ್ನು ತಯಾರಿಸಿ ಬಡಿಸುವುದು ಬುಕ್ನೆರಾ. ತಾಯಿಯಿಂದ ಮರಿಗೆ ದಾಟುತ್ತ 10 ಕೋಟಿ ವರ್ಷಕ್ಕೂ ಮಿಕ್ಕಿ ನಡೆದ ಒಗೆತನವಂತೆ. ಬುಕ್ನೆರಾ ಸತ್ತರೆ ಹೇನು ಸೊರಗುತ್ತದೆ, ಮರಿಹಾಕುವುದೂ ನಿಂತಂತೆಯೇ.

ಆದರೆ ಒಳಗೇ ಉಳಿದ ಬುಕ್ನೆರಾ ಹೊರಗೆ ಬದುಕುವುದನ್ನೇ ಮರೆತಿದೆ. 2000ದಲ್ಲಿ ಬಟಾಣಿ ಹೇನಿನ ಬುಕ್ನೆರಾವನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಸುಮಾರು 600 ಜೀನು. ಅದರ ನಂಟ, ನಮ್ಮ ಕರುಳಿನ ಈ. ಕೋಲಿಗೆ 4,000ಕ್ಕೂ ಹೆಚ್ಚು.

ನನಗೆ ಚುರುಕ್ಕೆಂದಿತು. ಮದುವೆಯಾಗಿ ಕೆಲಸ ಬಿಟ್ಟ ನಾನು ಬ್ಯಾಂಕಿನ ಚಲನ್ ತುಂಬುವುದನ್ನೂ ಮರೆತಿದ್ದೇನೆ. ಒಮ್ಮೆ ಜಗಳದಲ್ಲಿ ಇವರು, "ನಿನ್ನದೇನಿದೆ ಇಲ್ಲಿ?" ಎಂದಾಗ ಬಾಯಿ ಕಟ್ಟಿತ್ತು. ಇಂದು ಉತ್ತರ ಹೊಳೆಯಿತು: ಹಂಗು ಇಬ್ಬರದೂ. ಆದರೂ ಹೊಸಿಲು ದಾಟಲಾರದವಳು ಉಳಿದರೆ ಅದನ್ನು ಪ್ರೀತಿಯೆನ್ನಬಹುದೇ? ಬೇರೆ ದಾರಿಯಿಲ್ಲದೆ ಉಳಿಯುವುದು ಬೇರೆ, ಬೇಕೆಂದು ಉಳಿಯುವುದು ಬೇರೆ.

ಬುಕ್ನೆರಾ ಮರೆತದ್ದನ್ನು ಮತ್ತೆ ಕಲಿಯಲಾರದು. ನಾನು ಕಲಿಯಬಲ್ಲೆ. ಸೋಮವಾರ ಬ್ಯಾಂಕಿಗೆ ನಾನೇ ಹೋಗುತ್ತೇನೆ. ಸಂಜೆ ಈ ಮನೆಗೇ ಮರಳುತ್ತೇನೆ.