ಬಿದ್ದುದನ್ನು ಅಮ್ಮ ಏಕೆ ಮುಚ್ಚಿಡುತ್ತಾರೆ?

ವಯಸ್ಸಾದ ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿರುತ್ತಾರೆ. ಮೊಣಕೈ ತರಚಿರುತ್ತದೆ. ಮಗ ಕೇಳಿದರೆ, "ಏನಿಲ್ಲಪ್ಪ, ಬಾಗಿಲು ತಗುಲಿತು" ಎನ್ನುತ್ತಾರೆ. ಇದು ಸುಳ್ಳೇ ಸರಿ. ಆದರೆ ಆ ಸುಳ್ಳಿನಲ್ಲಿ ಮನೆಯವರ ಪಾಲೂ ಇದೆ. ಬಿದ್ದೆನೆಂದು ಒಪ್ಪಿಕೊಂಡರೆ ಮರುದಿನವೇ ಸಂತೆಗೆ ಹೋಗುವುದು ನಿಲ್ಲುತ್ತದೆ, ಚರ್ಚಿಗೆ ಒಬ್ಬರೇ ನಡೆದು ಹೋಗುವುದು ನಿಲ್ಲುತ್ತದೆ, ಕೊನೆಗೆ ಅಂಗಳದ ಮಲ್ಲಿಗೆ ಬಳ್ಳಿಗೆ ನೀರು ಹಾಕುವುದೂ ನಿಲ್ಲುತ್ತದೆ. ಇದು ಅವರಿಗೆ ಗೊತ್ತು.

ಮಕ್ಕಳ ಭಯ ನಿಷ್ಕಾರಣವೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ; ಅವರಲ್ಲಿ 60 ದಾಟಿದವರೇ ಹೆಚ್ಚು. ಸೊಂಟದ ಮೂಳೆ ಮುರಿದ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ.

ಆದರೆ ವೈದ್ಯರು ಈ ಅಪಾಯವನ್ನು ಅಳೆಯುವ ರೀತಿಯನ್ನು ನೋಡಿ. ಮೊದಲು ಕೇಳುತ್ತಾರೆ: ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಡೆಯುವಾಗ ತೂರಾಡಿದಂತಾಗುತ್ತದೆಯೇ? ಬೀಳುವ ಭಯವಿದೆಯೇ? ಆಮೇಲೆ 1991ರಲ್ಲಿ ಪ್ರಕಟವಾದ ಒಂದು ಸರಳ ಪರೀಕ್ಷೆ. ಕುರ್ಚಿಯಿಂದ ಎದ್ದು, ಎಂದಿನ ನಡಿಗೆಯಲ್ಲಿ 3 ಮೀಟರ್ ಹೋಗಿ, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಸಂಭವವಿದೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಣಿಸುತ್ತದೆ. ಮಲಗಿದ್ದವರು ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದೇ, ನಿದ್ದೆ ಮಾತ್ರೆ ನುಂಗುತ್ತಾರೆಯೇ, ಕಣ್ಣಿಗೆ ಪೊರೆ ಬಂದಿದೆಯೇ ಎಂದೂ ವಿಚಾರಿಸುತ್ತಾರೆ. (ನಮ್ಮ ಮನೆಗಳಲ್ಲಿ ತಳ ಸವೆದ ಹವಾಯಿ ಚಪ್ಪಲಿಯನ್ನೂ ಈ ಪಟ್ಟಿಗೆ ಸೇರಿಸಬೇಕು.)

ಇಷ್ಟೆಲ್ಲವೂ ಶುರುವಾಗುವುದು ಆ ಮೊದಲ ಪ್ರಶ್ನೆಗೆ ಸಿಗುವ ನಿಜವಾದ ಉತ್ತರದಿಂದ. ನಿಜ ಹೇಳಿದವರಿಗೆ ಮಂಚವೇ ಶಿಕ್ಷೆಯಾದರೆ ಯಾರು ತಾನೇ ನಿಜ ಹೇಳುತ್ತಾರೆ? ಕೂರಿಸಿಟ್ಟಷ್ಟೂ ಕಾಲಿನ ಕಸುವು ಕುಂದಿ, ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ಹಾಗಾದರೆ ನಾವು ಕಾಪಾಡುತ್ತಿರುವುದು ತಾಯಿಯನ್ನೋ, ನಮ್ಮ ನೆಮ್ಮದಿಯನ್ನೋ?

ಮರೆವಿನ ಕಾಯಿಲೆ ಬಲಿತವರ ವಿಷಯ ಬೇರೆ. ಅಲ್ಲಿ ತೀರ್ಮಾನದ ಹೊರೆ ಮಕ್ಕಳ ಮೇಲೆಯೇ ಬೀಳುತ್ತದೆ. ಬುದ್ಧಿ ಚುರುಕಾಗಿರುವ ತಾಯಿಗಾದರೋ ತನ್ನ ಅಪಾಯವನ್ನು ತಾನೇ ತೂಗಿ ನೋಡುವ ಹಕ್ಕಿದೆ. ಹಾಗೆಂದು ಅದು ಅವರೊಬ್ಬರದೇ ವಿಷಯವೂ ಅಲ್ಲ. ನಾಳೆ ಬಿದ್ದರೆ ಕೆಲಸಕ್ಕೆ ರಜೆ ಹಾಕಿ ಹಾಸಿಗೆಯ ಬಳಿ ನಿಲ್ಲಬೇಕಾದವಳು ಬಹುಮಟ್ಟಿಗೆ ಸೊಸೆ. ಅವಳ ಮಾತಿಗೂ ಬೆಲೆ ಇರಬೇಕು. ಅತ್ತೆ ಸೊಸೆ ಇಬ್ಬರೂ ಕೂತು ಮಾತಾಡದೆ ಮಗನೊಬ್ಬನೇ ಆಜ್ಞೆ ಹೊರಡಿಸುವುದು ನನಗೆ ಸರಿಕಾಣುವುದಿಲ್ಲ.

ಬಚ್ಚಲ ಗೋಡೆಗೆ ಹಿಡಿಕೆ ಬೇಕು, ರಾತ್ರಿ ದೀಪ ಬೇಕು. ಹಿಡಿಕೆ ಎಲ್ಲಿ ಹಾಕಿಸಬೇಕೆಂದು ತಾಯಿಯನ್ನೇ ಕೇಳಿ. ಎಲ್ಲಿ ಜಾರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.