ಕೊಳ್ಳಿ ತಿರುಗಿತು, ಬಳೆ ನಿಂತಿತು

ನಮ್ಮ ಮಾಂಡೂಕ್ಯ ಉಪನಿಷತ್ತಿನ ಪಾಠ ಅದ್ವೈತಿ ಗೌಡಪಾದರ ಕಾರಿಕೆಯ ನಾಲ್ಕನೆಯ ಪ್ರಕರಣ ಅಲಾತಶಾಂತಿಗೆ ಬಂದಿದೆ. ಅಲಾತ ಎಂದರೆ ಕೊಳ್ಳಿ. ಕೊಳ್ಳಿಯನ್ನು ಗಿರ್ರನೆ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದೆ. ಕೈ ನಿಂತರೆ ಬಳೆ ಇಲ್ಲ. ಅದು ಎಲ್ಲಿಂದಲೂ ಬಂದದ್ದಲ್ಲ, ಎಲ್ಲಿಗೂ ಹೋದದ್ದಲ್ಲ. ವಿಜ್ಞಾನದ, ಎಂದರೆ ಪ್ರಜ್ಞೆಯ, ಸ್ಪಂದನದಿಂದ ತೋರುವ ಜಗತ್ತೂ ಹಾಗೆಯೇ ಎಂದು ಗುರುಗಳು ವಿವರಿಸಿದಾಗ ಎಲ್ಲರೂ ತಲೆದೂಗಿದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದ ನನಗೆ ಮಾತ್ರ ಪ್ಯಾರಿಸ್ ನೆನಪಾಯಿತು.

ಅಲ್ಲಿ 1765ರಲ್ಲಿ ಷೆವಾಲಿಯೆ ದಾರ್ಸಿ ಎಂಬಾತ ಇದೇ ಕೆಂಡವನ್ನು ಯಂತ್ರದಿಂದ ತಿರುಗಿಸಿ, ಒಂದು ಸುತ್ತು ಸುಮಾರು 0.13 ಸೆಕೆಂಡಿನಲ್ಲಿ ಮುಗಿದರೆ ಬಳೆ ಪೂರ್ತಿ ಕೂಡಿಕೊಳ್ಳುತ್ತದೆ ಎಂದು ಅಳೆದ. ಆದರೆ ಆ ಬಳೆಯನ್ನೇ ಸ್ವಲ್ಪ ದಿಟ್ಟಿಸಿ. ಅದು ತಿರುಗುವುದಿಲ್ಲ, ನಿಂತಿರುತ್ತದೆ! ನಿಜವಾಗಿ ಓಡುತ್ತಿರುವುದು ಕೊಳ್ಳಿ. ಕಣ್ಣು ಆ ಓಟವನ್ನು ಅಳಿಸಿ, ನಿಶ್ಚಲವಾದ ಆಕಾರವೊಂದನ್ನು ಕಟ್ಟಿಕೊಡುತ್ತದೆ. ಚಲನೆ ಭ್ರಮೆ, ನಿಶ್ಚಲತೆ ಸತ್ಯ ಎಂದು ಹೇಳಲು ಹೊರಟವರಿಗೆ ಇದು ಒಗ್ಗುವ ಉದಾಹರಣೆಯೇ?

ಅವರಿಗೆ ಬೇಕಾದ ಸಾಕ್ಷ್ಯ ಬೇರೆ ಕಡೆ ಇದೆ. ಫ್ರಾಂಕ್‌ಫರ್ಟ್‌ನಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಎರಡು ಗೆರೆಗಳನ್ನು ಕ್ಷಣಮಾತ್ರದ ಅಂತರದಲ್ಲಿ ಒಂದಾದ ಮೇಲೊಂದು ತೋರಿಸಿದ. ನೋಡಿದವರಿಗೆ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಂಡಿತು. ಸರಿದದ್ದು ಏನೂ ಇಲ್ಲ. 1912ರಲ್ಲಿ ಅಚ್ಚಾದ ಆ ಪ್ರಬಂಧವನ್ನು ಅದ್ವೈತಿಗಳು ಧಾರಾಳವಾಗಿ ಬಳಸಿಕೊಳ್ಳಬಹುದು.

ಜಲಪಾತದ ಸಂಗತಿ ಇನ್ನೂ ತೊಡಕಿನದು. ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತವನ್ನು ದಿಟ್ಟಿಸಿ, ಬಳಿಕ ಪಕ್ಕದ ಬಂಡೆಯತ್ತ ಕಣ್ಣು ಹೊರಳಿಸಿದರೆ ಬಂಡೆ ಮೇಲೇರುತ್ತದೆ ಎಂದು ರಾಬರ್ಟ್ ಆಡಮ್ಸ್ 1834ರಲ್ಲಿ ಬರೆದ. ಉಂಚಳ್ಳಿ ಜಲಪಾತದಲ್ಲಿ ನಾನೂ ನೋಡಿದ್ದೇನೆ. ಬಂಡೆ ಏರುತ್ತಲೇ ಇರುತ್ತದೆ, ಅದರ ಮೇಲಿನ ಪಾಚಿ ಮಾತ್ರ ಇದ್ದಲ್ಲೇ ಇರುತ್ತದೆ. ವೇದಾಂತದ ದೃಷ್ಟಾಂತದಲ್ಲಿ, ಹಾವೆಂದು ಕಂಡದ್ದು ಹಗ್ಗವೆಂದು ತಿಳಿದರೆ ಹಾವು ಹೋಗುತ್ತದೆ. ಇಲ್ಲಿ ತಿಳಿದರೂ ಹೋಗುವುದಿಲ್ಲ, ತಾನಾಗಿ ತಣಿಯಬೇಕು.

ಹಾಗಾದರೆ ಚಲನೆಯ ತೋರಿಕೆಯನ್ನೇ ಕಿತ್ತು ಹಾಕಿದರೆ ಉಳಿಯುವುದೇನು? ಮಿದುಳಿಗೆ ಹಾನಿಯಾಗಿ ಚಲನೆ ಕಾಣುವ ಶಕ್ತಿಯನ್ನೇ ಕಳೆದುಕೊಂಡ ಮಹಿಳೆಯೊಬ್ಬಳ ಬಗ್ಗೆ ಯೋಸೆಫ್ ತ್ಸಿಲ್ ಮತ್ತು ಸಂಗಡಿಗರು 1983ರಲ್ಲಿ ವರದಿ ಮಾಡಿದರು. ಬಣ್ಣ, ಆಕಾರ ಎಲ್ಲ ಕಾಣುತ್ತಿತ್ತು. ಚಹಾ ಬಗ್ಗಿಸಿದರೆ ಧಾರೆ ಹೆಪ್ಪುಗಟ್ಟಿದಂತೆ ಕಂಡು, ಕಪ್ಪು ತುಂಬುವುದು ತಿಳಿಯುತ್ತಿರಲಿಲ್ಲ. ದೂರದಲ್ಲಿದ್ದ ಕಾರು ಒಮ್ಮೆಲೇ ಹತ್ತಿರ ಬಂದುಬಿಡುತ್ತಿತ್ತು. ಕೊನೆಗೆ ಸದ್ದು ಕೇಳಿ ದೂರ ಅಂದಾಜು ಮಾಡಲು ಕಲಿತಳು. ಅವಳಿಗೆ ಸಿಕ್ಕ ನಿಶ್ಚಲತೆಯಲ್ಲಿ ಶಾಂತಿ ಇರಲಿಲ್ಲ, ಪರಮಾರ್ಥವೂ ಇರಲಿಲ್ಲ. ಅದೂ ಮಿದುಳಿನ ಒಂದು ಸ್ಥಿತಿ, ಅಷ್ಟೆ.

ಇದನ್ನು ಗುರುಗಳ ಮುಂದಿಟ್ಟೆ. “ದೃಷ್ಟಾಂತವನ್ನು ಎಲ್ಲ ಕಡೆಯಿಂದಲೂ ಎಳೆಯಬಾರದಮ್ಮ” ಎಂದು ನಕ್ಕು, ಅದೇ ಪ್ರಕರಣದ 83ನೆಯ ಕಾರಿಕೆ ತೆಗೆದರು. ಚಲ, ಸ್ಥಿರ, ಎರಡೂ ಹೌದು, ಎರಡೂ ಅಲ್ಲ: ನಾಲ್ಕೂ ತತ್ತ್ವವನ್ನು ಮುಚ್ಚುವ ಮುಸುಕುಗಳೇ ಎಂಬುದು ಅದರ ಅಭಿಪ್ರಾಯ. ಒಪ್ಪಿದೆ. ಉಂಚಳ್ಳಿಯ ಬಂಡೆಗೂ ಅದರಲ್ಲಿ ಜಾಗವಿದೆ. ಆದರೂ ‘ಸ್ಥಿರ’ವೂ ಮುಸುಕೇ ಎನ್ನುವ ಗ್ರಂಥ, ನಿಂತ ಕೊಳ್ಳಿಯನ್ನು ಮಾತ್ರ ತೋರಿಕೆಯಿಲ್ಲದ, ಹುಟ್ಟಿಲ್ಲದ ಸ್ಥಿತಿಗೆ ಉಪಮೆಯಾಗಿ ಆರಿಸಿಕೊಂಡದ್ದು ಯಾಕೆ ಎಂಬ ತಕರಾರು ನನ್ನಲ್ಲಿ ಉಳಿದಿದೆ.